ಹತ್ತು ಗಾಡಿ ಹತ್ತಿಳಿದ ಹಿಮದ ಇಳಿಜಾರನ್ನು ನಂಬಬಹುದೇ?

ಪ್ರಶ್ನೆ: ಕ್ಯಾಲ್ಗರಿಯಲ್ಲಿದ್ದೇನೆ. ಎರಡು ಚಳಿಗಾಲದಿಂದ ಸ್ನೋಮೊಬೈಲ್ ಓಡಿಸುತ್ತಿದ್ದೇನೆ. ವಾರಾಂತ್ಯದಲ್ಲಿ ಐದಾರು ಜನ ಸೇರಿ ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಕಡೆಯ ಬೆಟ್ಟಗಳಿಗೆ ಹೋಗುತ್ತೇವೆ. ಕಳೆದ ತಿಂಗಳು ಒಂದು ದೊಡ್ಡ ಇಳಿಜಾರಿನ ಅರ್ಧದಲ್ಲಿ ಗೆಳೆಯನ ಗಾಡಿ ಹೂತುಕೊಂಡಿತು. ಎಳೆಯಲು ಇನ್ನಿಬ್ಬರು ಹತ್ತಿದರು, ಉಳಿದವರು ಬುಡದಲ್ಲಿ ನಿಂತು ನೋಡುತ್ತಿದ್ದೆವು. ಏನೂ ಆಗಲಿಲ್ಲ. ಮರುದಿನ ಪಕ್ಕದ ಕಣಿವೆಯಲ್ಲಿ ಅಂಥದೇ ಇಳಿಜಾರು ಕುಸಿದ ಸುದ್ದಿ ಬಂತು, ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಹತ್ತು ಗಾಡಿ ಹತ್ತಿದ ಇಳಿಜಾರು ಗಟ್ಟಿ ಎಂದು ಗುಂಪಿನ ಹಳಬರು ಹೇಳುತ್ತಾರೆ. ಕುಸಿದರೂ ನಮ್ಮ ಗಾಡಿಯ ವೇಗಕ್ಕೆ ಸಿಗುವುದಿಲ್ಲ ಎನ್ನುತ್ತಾನೆ ಒಬ್ಬ. ಸದ್ದು ಮಾಡದಿದ್ದರೆ ಸಾಕು ಎನ್ನುತ್ತಾನೆ ಇನ್ನೊಬ್ಬ. ಎಲ್ಲರ ಬಳಿಯೂ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಉಪಕರಣ) ಇದೆ. ಸಲಿಕೆ, ಪ್ರೋಬ್ (ಹೂತವರಿಗಾಗಿ ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕಡ್ಡಿ) ಗಾಡಿಯ ಬ್ಯಾಗಿನಲ್ಲಿರುತ್ತವೆ. ನಾನು ಏರ್‌ಬ್ಯಾಗ್ (ಹಿಡಿಕೆ ಎಳೆದರೆ ಉಬ್ಬುವ ಬೆನ್ನಿನ ಚೀಲ) ಕೂಡ ಕೊಂಡಿದ್ದೇನೆ. ಆ ದಿನ ಮುನ್ಸೂಚನೆಯಲ್ಲಿ ಹಿಮಕುಸಿತದ ಅಪಾಯದ ಮಟ್ಟ 3 ಇತ್ತು. ಐದರಲ್ಲಿ ಮೂರು ಎಂದರೆ ನಡುವಿನದು ತಾನೆ? ಹೋಗುವುದನ್ನೇ ಬಿಡಬೇಕೇ, ಇಲ್ಲ ಏನನ್ನಾದರೂ ಬದಲಿಸಿದರೆ ಸಾಕೇ?

ಉತ್ತರ: ಹೋಗುವುದನ್ನು ಬಿಡಬೇಕಾಗಿಲ್ಲ. ಆದರೆ ಆ ದಿನ ನಡೆದದ್ದರಲ್ಲಿ ಬದಲಿಸದೆ ಉಳಿಸಿಕೊಳ್ಳುವಂಥದ್ದು ತೀರಾ ಕಡಿಮೆ. ನೀವು ಬರೆದಷ್ಟನ್ನು ನೋಡಿದರೆ ಮೂರು ಗಾಡಿ ಒಂದೇ ಇಳಿಜಾರಿನ ಮೇಲಿದ್ದವು, ಮಿಕ್ಕವರು ಅದೇ ಇಳಿಜಾರಿನ ಹಿಮ ಬಂದು ಬೀಳುವ ಜಾಗದಲ್ಲಿದ್ದರು, ಅಗೆಯುವ ಸಾಮಾನು ಗಾಡಿಗಳಲ್ಲಿತ್ತು. ಅಂದು ಇಳಿಜಾರು ಕುಸಿದಿದ್ದರೆ ಹುಡುಕಲು ಹೊರಗೆ ಒಬ್ಬರೂ ಉಳಿಯುತ್ತಿರಲಿಲ್ಲ. ಕುಸಿಯಲಿಲ್ಲ ಎಂಬುದರಿಂದ ನಿಮ್ಮ ನಿರ್ಧಾರ ಸರಿಯಿತ್ತು ಎಂದಾಗುವುದಿಲ್ಲ.

ಮೊದಲು ಸದ್ದಿನ ವಿಚಾರ. ಕೂಗಿದರೆ, ಎಂಜಿನ್ ಗರ್ಜಿಸಿದರೆ ಹಿಮ ಕುಸಿಯುತ್ತದೆ ಎಂಬುದು ಸಿನಿಮಾದಿಂದ ಬಂದ ನಂಬಿಕೆ. ಗಾಳಿಯಲ್ಲಿ ಬರುವ ಸದ್ದಿನ ಒತ್ತಡ ಹಿಮದ ಪದರವನ್ನು ಒಡೆಯುವಷ್ಟು ದೊಡ್ಡದಲ್ಲ. ಅದನ್ನು ಒಡೆಯುವಂಥದ್ದು ಭಾರ. ಗಾಡಿ, ಇಂಧನ, ಸವಾರ, ಸಾಮಾನು ಸೇರಿದರೆ ಮುನ್ನೂರು ಕಿಲೋ ದಾಟುತ್ತದೆ. ಅದರ ಟ್ರ್ಯಾಕ್ (ಗಾಡಿಯನ್ನು ಮುಂದೆ ತಳ್ಳುವ ಸುತ್ತುಪಟ್ಟಿ) ಹಿಮವನ್ನು ಅಗೆದು ಕೆಳಗಿಳಿಯುತ್ತದೆ, ಹಾಗಾಗಿ ಕಾಲ್ನಡಿಗೆಯವನ ಭಾರ ತಲುಪದ ಆಳಕ್ಕೂ ಒತ್ತಡ ಮುಟ್ಟುತ್ತದೆ. ಆದರೂ ಸದ್ದಿನಿಂದ ಅಪಾಯ ಇಲ್ಲದಿಲ್ಲ, ಅದು ಬರುವ ದಾರಿ ಬೇರೆ. ದುರ್ಬಲ ಪದರ ಕಾಲಡಿಯಲ್ಲಿ ಕುಸಿದಾಗ ‘ವೂಂಫ್’ ಎಂಬ ದಪ್ಪ ಸದ್ದು ಬರುತ್ತದೆ, ನೆಲ ಒಂದಿಷ್ಟು ಕೂತಂತೆ ಅನಿಸುತ್ತದೆ. ಸ್ಕೀ ಮಾಡುವವರಿಗೆ ಅದು ಕೇಳುತ್ತದೆ, ಅವರು ಅಲ್ಲೇ ನಿಂತುಬಿಡುತ್ತಾರೆ. ಹೆಲ್ಮೆಟ್ ಒಳಗೆ, ಎಂಜಿನ್ ಮೇಲೆ ಕೂತವರಿಗೆ ಕೇಳುವುದಿಲ್ಲ. ಗಾಡಿಯಿಂದ ಹೊರಟು ಹಿಮದಲ್ಲಿ ಉದ್ದಕ್ಕೆ ಓಡುವ ಬಿರುಕೂ ಆ ವೇಗದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಸ್ನೋಮೊಬೈಲ್ ಸವಾರರ ನಿಜವಾದ ತೊಂದರೆ ಇದೇ ಎಂಬುದು ನನ್ನ ಅಭಿಪ್ರಾಯ. ನಡೆದು ಹತ್ತುವವನು ಇಡೀ ದಿನದಲ್ಲಿ ಒಂದೆರಡು ದೊಡ್ಡ ಇಳಿಜಾರು ಮುಟ್ಟುತ್ತಾನೆ, ಪ್ರತಿ ಹೆಜ್ಜೆಗೂ ಹಿಮ ಹೇಗಿದೆ ಎಂದು ಅವನ ಕಾಲಿಗೆ ತಿಳಿಯುತ್ತಿರುತ್ತದೆ. ಗಾಡಿಯವನು ಅಷ್ಟೇ ಹೊತ್ತಿನಲ್ಲಿ ಹತ್ತಾರು ಇಳಿಜಾರು ಹತ್ತಿಳಿಯುತ್ತಾನೆ, ಒಂದರ ಬಗೆಗೂ ಅವನಿಗೆ ಏನೂ ತಿಳಿದಿರುವುದಿಲ್ಲ. ಅದಕ್ಕೆ ಪರಿಹಾರ ಸರಳವಾಗಿದೆ, ಬೇಸರದ್ದೂ ಆಗಿದೆ: ಹೊಸ ಕಣಿವೆಗೆ ಕಾಲಿಟ್ಟಾಗಲೆಲ್ಲ ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಇಳಿದು ಇಪ್ಪತ್ತು ಹೆಜ್ಜೆ ನಡೆಯಿರಿ. ಮೊಣಕಾಲವರೆಗೆ ಮೆದುವಾಗಿ ಹೋಗಿ ಅಲ್ಲಿ ಗಟ್ಟಿ ಪದರಕ್ಕೆ ತಾಗುತ್ತದೆಯೇ? ಮೇಲೆ ಗಟ್ಟಿ, ಕೆಳಗೆ ಸಕ್ಕರೆಯಂಥ ಸಡಿಲ ಹರಳೇ? ಎದುರಿನ, ಅದೇ ದಿಕ್ಕಿಗೆ ಮುಖ ಮಾಡಿದ ಇಳಿಜಾರುಗಳಲ್ಲಿ ಹೊಸ ಕುಸಿತದ ಗುರುತಿದೆಯೇ? ಇದಕ್ಕೆ ಎರಡು ನಿಮಿಷ ಸಾಕು.

ಜಾಡು ಬಿದ್ದ ಇಳಿಜಾರು ಗಟ್ಟಿ ಎಂಬ ಮಾತಿಗೆ ಉತ್ತರಿಸಲು ಹಿಮ ಹೇಗೆ ಕುಸಿಯುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಜನರನ್ನು ಕೊಲ್ಲುವ ಹಿಮಕುಸಿತಗಳಲ್ಲಿ ಹೆಚ್ಚಿನವು ಸ್ಲ್ಯಾಬ್ ಕುಸಿತಗಳು. ಒಂದಕ್ಕೊಂದು ಅಂಟಿಕೊಂಡ ಹಿಮದ ಹಾಸು ಮೇಲೆ, ಅದರ ಕೆಳಗೆ ಹಿಡಿತವಿಲ್ಲದ ತೆಳು ಪದರ, ಅದರಡಿ ಹಳೆಯ ಹಿಮ. ನಿರಭ್ರ ಚಳಿರಾತ್ರಿಗಳಲ್ಲಿ ಹಿಮದ ಮೇಲ್ಮೈಯಲ್ಲಿ ಗರಿಯಂಥ ಹರಳುಗಳು ಬೆಳೆಯುತ್ತವೆ, ಇದು ಸರ್ಫೇಸ್ ಹೋರ್. ಅದರ ಮೇಲೆ ಹೊಸ ಹಿಮ ಬಿದ್ದರೆ ಆ ಗರಿಗಳು ಹಾಗೇ ಹೂತುಹೋಗಿ ವಾರಗಟ್ಟಲೆ ಉಳಿಯುತ್ತವೆ. ಇನ್ನೊಂದು ಬಗೆ ಫೆಸೆಟ್. ನೆಲದ ಹತ್ತಿರದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲ್ಮೈ ಕಡುಚಳಿಯಲ್ಲಿರುತ್ತದೆ. ಈ ವ್ಯತ್ಯಾಸ ಪ್ರತಿ ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚಾದರೆ ಹರಳುಗಳು ಮೂಲೆ ಮೂಲೆಯಾಗಿ ಬೆಳೆದು ಒಂದಕ್ಕೊಂದು ಹಿಡಿತ ಕಳೆದುಕೊಳ್ಳುತ್ತವೆ. ಗಡಸು ಹಿಮಗಡ್ಡೆಯ ಪದರದ ಮೇಲೆ ಫೆಸೆಟ್ ಬೆಳೆದರೆ ಇನ್ನೂ ಕೆಟ್ಟದ್ದು.

ಈ ಹಾಸಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಗಾಳಿ ಒಂದು ಬದಿಯಿಂದ ಹೆರೆದು ಇನ್ನೊಂದು ಬದಿಗೆ ಸುರಿಯುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ವೇಗವಾಗಿ ಗಾಳಿ ಹಿಮವನ್ನು ಪೇರಿಸಬಲ್ಲದು. ಒಂದೇ ಇಳಿಜಾರಿನಲ್ಲಿ ಹಾಸು ಇಲ್ಲಿ ಒಂದೂವರೆ ಮೀಟರ್, ಆ ಬಂಡೆಯ ಪಕ್ಕದಲ್ಲಿ ನಲವತ್ತು ಸೆಂಟಿಮೀಟರ್ ಇರಬಹುದು. ದಪ್ಪ ಜಾಗದಲ್ಲಿ ಹತ್ತು ಗಾಡಿ ಓಡಿದರೂ ಭಾರ ದುರ್ಬಲ ಪದರ ಮುಟ್ಟದೇ ಇರಬಹುದು. ಹನ್ನೊಂದನೆಯವನು ಸ್ವಲ್ಪ ಬಲಕ್ಕೆ ಸರಿದು ತೆಳು ಜಾಗ ಮುಟ್ಟಿದರೆ ಅಲ್ಲಿ ಒಡೆದ ಬಿರುಕು ಇಡೀ ಇಳಿಜಾರಿಗೆ ಹರಡುತ್ತದೆ, ಹಳೆಯ ಹತ್ತು ಜಾಡುಗಳೂ ಹಾಸಿನ ಜೊತೆಗೇ ಜಾರುತ್ತವೆ. ಸ್ನೋಮೊಬೈಲ್ ಸವಾರರ ನೆಚ್ಚಿನ ಆಟ ‘ಹೈಮಾರ್ಕಿಂಗ್’, ಅಂದರೆ ಹಿಂದಿನವನು ಹತ್ತಿದ್ದಕ್ಕಿಂತ ಒಂದಡಿ ಮೇಲೆ ಹತ್ತಿ ತಿರುಗುವುದು, ಈ ತೆಳು ಜಾಗವನ್ನು ಹುಡುಕಿ ಹುಡುಕಿ ಒತ್ತುವ ವಿಧಾನವೇ ಆಗಿಬಿಡುತ್ತದೆ. ಪ್ರತಿ ಸಲವೂ ಹೊಸ ಜಾಗ, ಅದೂ ಇಳಿಜಾರು ಉಬ್ಬಿ ಬಾಗುವ ಮೇಲ್ಭಾಗದಲ್ಲಿ, ಹಾಸು ಮೊದಲೇ ಎಳೆತದಲ್ಲಿರುವಲ್ಲಿ. ಅಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ತಿರುವುತ್ತೀರಿ.

ವೇಗದಿಂದ ತಪ್ಪಿಸಿಕೊಳ್ಳುವ ಮಾತೂ ಇಲ್ಲಿಗೇ ಸೇರುತ್ತದೆ. ಸ್ಲ್ಯಾಬ್ ಒಡೆದಾಗ ಬಿರುಕು ಸಾಮಾನ್ಯವಾಗಿ ನಿಮಗಿಂತ ಮೇಲೆ ಬೀಳುತ್ತದೆ. ನೀವು ಆ ಹಾಸಿನ ಮೇಲೆಯೇ ಇರುತ್ತೀರಿ, ಗಾಡಿಯ ಮೂತಿ ಬೆಟ್ಟದ ಕಡೆಗಿರುತ್ತದೆ, ಟ್ರ್ಯಾಕ್ ಹಿಡಿಯಬೇಕಾದ ಹಿಮವೇ ಕೆಳಗೆ ಹರಿಯುತ್ತಿರುತ್ತದೆ. ಒಣ ಹಿಮದ ದೊಡ್ಡ ಕುಸಿತ ಕೆಲವೇ ಸೆಕೆಂಡಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ಸಮೀಪಿಸುತ್ತದೆ. ನೇರ ಕೆಳಕ್ಕೆ ಓಡಿಸಿ ಗೆಲ್ಲುವ ಲೆಕ್ಕ ಹಾಕಬೇಡಿ. ಸಾಧ್ಯವಿದ್ದರೆ ಹತ್ತಿರದ ಅಂಚಿನ ಕಡೆಗೆ ಓರೆಯಾಗಿ ಪೂರ್ತಿ ಥ್ರಾಟಲ್ ಕೊಡುವುದು, ಅದಕ್ಕೂ ಮೊದಲೇ ಏರ್‌ಬ್ಯಾಗ್ ಎಳೆಯುವುದು, ಬಿದ್ದರೆ ಗಾಡಿಯಿಂದ ದೂರವಾಗುವುದು, ಹಿಮ ನಿಲ್ಲುತ್ತಿದೆ ಎನಿಸಿದಾಗ ಕೈಯನ್ನು ಮುಖದ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳುವುದು. ಅಷ್ಟೇ ನಿಮ್ಮ ಕೈಯಲ್ಲಿರುವುದು.

ಮಟ್ಟ 3ರ ಬಗ್ಗೆ. ಪರೀಕ್ಷೆಯ ಅಂಕದ ಹಾಗೆ ಅದನ್ನು ಓದಬಾರದು. ಒಂದೊಂದು ಮೆಟ್ಟಿಲಿಗೂ ಅಪಾಯ ಒಂದೇ ಅಳತೆಯಲ್ಲಿ ಏರುವುದಿಲ್ಲ. ಹಿಮಕುಸಿತದ ಮುನ್ಸೂಚನೆ ಕೊಡುವ ಸಂಸ್ಥೆ ಅವಲಾಂಚ್ ಕೆನಡಾ ಬಳಸುವ ಅಳತೆಯಲ್ಲಿ 2 ಎಂದರೆ ಮನುಷ್ಯರ ಭಾರಕ್ಕೆ ಕುಸಿತ ‘ಸಾಧ್ಯ’, 3 ಎಂದರೆ ‘ಸಂಭವ ಹೆಚ್ಚು’, ತಾನಾಗಿಯೂ ಕುಸಿಯಬಹುದು. 4 ಮತ್ತು 5ರ ದಿನ ಜನ ಹೆದರಿ ದೂರ ಉಳಿಯುತ್ತಾರೆ. 3ರ ದಿನ ಬಿಸಿಲಿರುತ್ತದೆ, ಹೊಸ ಹಿಮವಿರುತ್ತದೆ, ಎಲ್ಲರೂ ಹೊರಡುತ್ತಾರೆ. ಸಾವುಗಳ ದೊಡ್ಡ ಪಾಲು ಈ ಮಟ್ಟದಲ್ಲೇ ಆಗುತ್ತದೆ. ಮಾರಕ ಕುಸಿತಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ಅದಕ್ಕೆ ಸಿಕ್ಕಿದವನೋ ಅವನ ಗುಂಪಿನವರೋ ಕೆಡವಿರುತ್ತಾರೆ.

ಅಂಕಿಗಿಂತ ಅದರ ಕೆಳಗಿನ ಬರಹ ಮುಖ್ಯ. ಮುನ್ಸೂಚನೆ ಹಿಂದಿನ ಸಂಜೆಯೇ ಪ್ರಕಟವಾಗುತ್ತದೆ. ಮರಗಳ ಸಾಲಿನ ಮೇಲೆ, ಸಾಲಿನಲ್ಲಿ, ಸಾಲಿನ ಕೆಳಗೆ ಎಂದು ಮೂರು ಎತ್ತರಕ್ಕೆ ಮೂರು ಮಟ್ಟ ಕೊಟ್ಟಿರುತ್ತಾರೆ. ಸಮಸ್ಯೆ ಯಾವ ಬಗೆಯದು, ಯಾವ ದಿಕ್ಕಿನ ಇಳಿಜಾರಿನಲ್ಲಿದೆ, ಕುಸಿದರೆ ಎಷ್ಟು ದೊಡ್ಡದು ಎಂದೂ ಇರುತ್ತದೆ. ಬಿರುಗಾಳಿಯ ಹೊಸ ಹಿಮವಷ್ಟೇ ಸಮಸ್ಯೆಯಾದರೆ ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕೂರುತ್ತದೆ. ‘ಪರ್ಸಿಸ್ಟೆಂಟ್ ಸ್ಲ್ಯಾಬ್’ ಎಂದು ಬರೆದಿದ್ದರೆ ಹಾಗಲ್ಲ. ಆಳದಲ್ಲಿ ಹೂತ ಆ ಪದರ ವಾರಗಟ್ಟಲೆ ಎಚ್ಚರವಾಗಿರುತ್ತದೆ, ಮಟ್ಟ 2ಕ್ಕೆ ಇಳಿದ ಮೇಲೂ. ಸಂಭವ ಕಡಿಮೆಯಾಗಿರುತ್ತದೆ, ಆದರೆ ಒಡೆದರೆ ಇಡೀ ಬೆಟ್ಟದ ಮೈ ಬರುತ್ತದೆ. ಆ ಪದ ಕಂಡ ದಿನ ನಾನಾದರೆ ದೊಡ್ಡ ಇಳಿಜಾರಿನ ಕಡೆ ಗಾಡಿ ತಿರುಗಿಸುವುದಿಲ್ಲ.

ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನೀವು ಕೇಳಲೇ ಇಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. 2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್ ಬಳಿಯ ಬೋಲ್ಡರ್ ಮೌಂಟನ್‌ನಲ್ಲಿ ಸುಮಾರು ಇನ್ನೂರು ಜನ ಸೇರಿದ್ದ ಸ್ನೋಮೊಬೈಲ್ ಕೂಟದ ಮೇಲೆ ಇಳಿಜಾರು ಕುಸಿಯಿತು. ಹತ್ತುವವರನ್ನು ನೋಡಲು ಕೆಳಗೆ ನೆರೆದವರಿದ್ದರು. ಇಬ್ಬರು ಸತ್ತರು, ಹಲವರಿಗೆ ಗಾಯವಾಯಿತು. 2008ರ ಡಿಸೆಂಬರ್ 28ರಂದು ಫರ್ನಿ ಸಮೀಪದ ಹಾರ್ವೆ ಪಾಸ್‌ನಲ್ಲಿ ಮೊದಲ ಕುಸಿತಕ್ಕೆ ಸಿಕ್ಕಿದವರನ್ನು ಅಗೆಯಲು ಇನ್ನೊಂದು ಗುಂಪು ಓಡಿಬಂತು, ಅಗೆಯುತ್ತಿದ್ದವರ ಮೇಲೆ ಎರಡನೆಯ ಕುಸಿತ ಬಂತು. ಹನ್ನೊಂದು ಜನರಲ್ಲಿ ಎಂಟು ಮಂದಿ ಉಳಿಯಲಿಲ್ಲ.

ನಿಲ್ಲುವ ಜಾಗ ಹೀಗೆ ಅಳೆಯಿರಿ. ನಿಂತಲ್ಲಿಂದ ಇಳಿಜಾರಿನ ನೆತ್ತಿಯ ಕಡೆಗೆ ಇಳಿಜಾರುಮಾಪಕವನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯಿರಿ, ಫೋನಿನಲ್ಲಿರುವುದಾದರೂ ಸರಿ. ಕೋನ 25 ಡಿಗ್ರಿಗಿಂತ ಹೆಚ್ಚಿದ್ದರೆ ನೀವು ಹಿಮ ಬಂದು ಬೀಳುವ ಜಾಗದಲ್ಲಿದ್ದೀರಿ ಎಂದೇ ತಿಳಿಯಿರಿ. 18 ಡಿಗ್ರಿಗಿಂತ ಕಡಿಮೆಯಾಗುವವರೆಗೂ ಹಿಂದೆ ಸರಿಯುವುದು ಒಳ್ಳೆಯ ಅಭ್ಯಾಸ. ಗಾಡಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಬೇಡಿ, ಪಕ್ಕಪಕ್ಕದಲ್ಲಿ, ಮೂತಿ ಇಳಿಜಾರಿನಿಂದ ಹೊರಕ್ಕೆ ತಿರುಗಿಸಿ ನಿಲ್ಲಿಸಿ. ಊಟ, ಸಿಗರೇಟು, ಫೋಟೊ ಎಲ್ಲಕ್ಕೂ ಇದೇ ಜಾಗ.

ಇಳಿಜಾರಿನ ಕೋನದ ಲೆಕ್ಕವೂ ಕಷ್ಟದ್ದಲ್ಲ. ಸ್ಲ್ಯಾಬ್ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹೊರಡುತ್ತವೆ, 38ರ ಆಸುಪಾಸು ಅತಿ ಹೆಚ್ಚು. ದುರದೃಷ್ಟವಶಾತ್ ಗಾಡಿ ಹತ್ತಿಸಲು ಎಲ್ಲರಿಗೂ ಆಸೆಯಾಗುವ ಕೋನವೂ ಅದೇ. 30ಕ್ಕಿಂತ ಕಡಿಮೆ ಇರುವ, ತಲೆಯ ಮೇಲೆ ಕಡಿದಾದದ್ದು ಏನೂ ಇಲ್ಲದ ಜಾಗದಲ್ಲಿ ಓಡಿಸಿದರೆ ಮಟ್ಟ 4ರ ದಿನವೂ ಸುರಕ್ಷಿತವಾಗಿ ಮನೆಗೆ ಮರಳುವ ಸಾಧ್ಯತೆ ಬಹಳ ಹೆಚ್ಚು. ‘ತಲೆಯ ಮೇಲೆ’ ಎಂಬುದನ್ನು ಮರೆಯಬೇಡಿ. ದುರ್ಬಲ ಪದರ ಸೂಕ್ಷ್ಮವಾಗಿದ್ದಾಗ ಬುಡದ ಸಮತಟ್ಟಿನಲ್ಲಿ ಹೋದ ಗಾಡಿಯ ಭಾರಕ್ಕೆ ಒಡೆದ ಬಿರುಕು ಮೇಲಕ್ಕೆ ಓಡಿ ಇಳಿಜಾರನ್ನು ಕೆಡವಬಲ್ಲದು. ಇಳಿಜಾರಿನ ಕೋನ ತೋರಿಸುವ ನಕ್ಷೆಯ ಬಣ್ಣದ ಪದರಗಳು ಯೋಜನೆಗೆ ಒಳ್ಳೆಯವು, ಆದರೆ ಹತ್ತಿಪ್ಪತ್ತು ಮೀಟರಿನ ಕಡಿದಾದ ತುಣುಕುಗಳು ಅದರಲ್ಲಿ ಕಾಣದೇ ಹೋಗಬಹುದು. ಚಿಕ್ಕ ಇಳಿಜಾರೇ ಆದರೂ ಕೆಳಗೆ ಹಳ್ಳ, ಮರ, ಬಂಡೆ ಇದ್ದರೆ ಅದು ಚಿಕ್ಕದಲ್ಲ. ಹಳ್ಳದಲ್ಲಿ ಸ್ವಲ್ಪವೇ ಹಿಮ ಬಂದರೂ ಆಳವಾಗಿ ತುಂಬಿಕೊಳ್ಳುತ್ತದೆ.

ಇನ್ನು ಗಾಡಿ ಹೂತಾಗ ಏನು ಮಾಡಬೇಕು? ಒಂದು ಇಳಿಜಾರಿನಲ್ಲಿ ಒಂದೇ ಗಾಡಿ ಎಂಬ ನಿಯಮ ಆಗಲೂ ಮುರಿಯಬಾರದು. ಹೂತವನು ಎಂಜಿನ್ ಆರಿಸಿ, ಗಾಡಿಯ ಸುತ್ತಲಿನ ಹಿಮ ತುಳಿದು, ಕೆಳಬದಿಗೆ ಸಲಿಕೆಯಿಂದ ದಾರಿ ಬಿಡಿಸಿ, ಸ್ಕೀಗಳನ್ನು ಕೆಳಮುಖ ಮಾಡಿ ಗಾಡಿಯನ್ನು ಓರೆಯಾಗಿ ಉರುಳಿಸಿಕೊಂಡು, ಟ್ರ್ಯಾಕ್ ಅಗೆದ ಗುಂಡಿಗೆ ಹಿಮ ತುಂಬಿ ಹೊರಡಬೇಕು. ಇಪ್ಪತ್ತು ನಿಮಿಷ ಹಿಡಿಯಲಿ. ಮಿಕ್ಕವರು ಸುರಕ್ಷಿತ ಜಾಗದಿಂದ ಕಣ್ಣು ಕೀಳದೆ ನೋಡುತ್ತಿರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ಒಬ್ಬನೇ ಹೋಗಲಿ, ಹೂತವನ ಮೇಲ್ಗಡೆ ಹೋಗದೆ. ಕತ್ತಲಾಗುತ್ತಿದ್ದರೆ, ಬಿಸಿಲಿಗೆ ಹಿಮ ಮೆತ್ತಗಾಗುತ್ತಿದ್ದರೆ ಗಾಡಿ ಬಿಟ್ಟು ಬನ್ನಿ. ಗೆಳೆಯರು ನಗುತ್ತಾರೆ, ನಗಲಿ.

ಏರ್‌ಬ್ಯಾಗ್ ಕೊಂಡದ್ದು ಒಳ್ಳೆಯದೇ. ಜರಡಿ ಆಡಿಸಿದಾಗ ದಪ್ಪ ಕಾಳು ಮೇಲೆ ಬರುವಂತೆ, ಹರಿಯುವ ಹಿಮದಲ್ಲಿ ದೊಡ್ಡ ಗಾತ್ರದ್ದು ಮೇಲಕ್ಕೆ ಬರುತ್ತದೆ. ಸುಮಾರು 150 ಲೀಟರಿನ ಚೀಲ ನಿಮ್ಮನ್ನು ದೊಡ್ಡದು ಮಾಡುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಗಂಭೀರವಾಗಿ ಸಿಕ್ಕಿಬಿದ್ದವರಲ್ಲಿ ಸಾವಿನ ಪ್ರಮಾಣ ಚೀಲ ಉಬ್ಬಿದ್ದರೆ ಶೇ 22ರಿಂದ 11ಕ್ಕೆ ಇಳಿಯುತ್ತದೆ. ಅಂದರೆ ಅರ್ಧ, ಸೊನ್ನೆಯಲ್ಲ. ಸುಮಾರು ಐದರಲ್ಲಿ ಒಂದು ಸಲ ಚೀಲ ಉಬ್ಬಲೇ ಇಲ್ಲ, ಮುಖ್ಯ ಕಾರಣ ಸವಾರ ಹಿಡಿಕೆ ಎಳೆಯದಿದ್ದುದು. ಗಾಡಿಯವರಿಗೆ ಎರಡೂ ಕೈ ಹ್ಯಾಂಡಲ್ ಮೇಲಿರುವುದರಿಂದ ಇದು ಇನ್ನೂ ಕಷ್ಟ. ಪಾರ್ಕಿಂಗ್ ಬಿಡುವ ಮೊದಲೇ ಹಿಡಿಕೆ ಹೊರತೆಗೆದಿಡಿ, ತೊಡೆಯ ಪಟ್ಟಿ ಕಟ್ಟಿಕೊಳ್ಳಿ, ದಪ್ಪ ಕೈಗವಸು ಹಾಕಿಯೇ ಎಳೆಯುವುದನ್ನು ಅಭ್ಯಾಸ ಮಾಡಿ, ಸಿಲಿಂಡರಿನ ಒತ್ತಡ ಅಥವಾ ಚಾರ್ಜ್ ನೋಡಿ. ಮರಕ್ಕೆ ಬಡಿದರೆ, ಹಳ್ಳದಲ್ಲಿ ಹಿಮ ಮೇಲಿಂದ ತುಂಬಿಕೊಂಡರೆ ಚೀಲ ಏನೂ ಮಾಡಲಾರದು. ಕೆನಡಾದ ಹಿಮಕುಸಿತದ ಸಾವುಗಳಲ್ಲಿ ಸುಮಾರು ಕಾಲು ಭಾಗ ಪೆಟ್ಟಿನಿಂದಲೇ ಆದವು.

ಸಲಿಕೆ, ಪ್ರೋಬ್ ಗಾಡಿಯ ಬ್ಯಾಗಿನಲ್ಲಿಟ್ಟಿರುವುದನ್ನು ಇಂದೇ ಬದಲಿಸಿ. ಕುಸಿತದಲ್ಲಿ ಸವಾರನೂ ಗಾಡಿಯೂ ಬೇರೆಯಾಗುತ್ತಾರೆ. ಬದುಕುಳಿದವನ ಸಲಿಕೆ ಹಿಮದಡಿ ಹೋದರೆ ಕೈಯಲ್ಲಿ ಅಗೆಯಲಾಗದು, ನಿಂತ ಹಿಮ ಅಷ್ಟು ಗಟ್ಟಿ. ಲೋಹದ ಅಲಗಿನ ಸಲಿಕೆ, ಮೂರು ಮೀಟರ್ ಹತ್ತಿರದ ಪ್ರೋಬ್, ಎರಡೂ ಬೆನ್ನಿನ ಚೀಲದಲ್ಲಿ. ಟ್ರಾನ್ಸೀವರ್ ಮೈಮೇಲೆ, ಅದರ ಪಟ್ಟಿಯಲ್ಲಿ, ಹೊರಗಿನ ಜಾಕೆಟ್ ಒಳಗೆ. 457 ಕಿಲೋಹರ್ಟ್ಸ್‌ನ ಅದರ ಸಂಕೇತಕ್ಕೆ ಫೋನು, ರೇಡಿಯೊ, ಬಿಸಿ ಕೈಗವಸು ಎಲ್ಲವೂ ಅಡ್ಡಿ. ಕಳಿಸುವಾಗ ಇಪ್ಪತ್ತು, ಹುಡುಕುವಾಗ ಐವತ್ತು ಸೆಂಟಿಮೀಟರ್ ದೂರವಿಡಿ. ಓಡುತ್ತಿರುವ ಎಂಜಿನ್ ಕೂಡ ಅಡ್ಡಿಯೇ, ಹಾಗಾಗಿ ಹುಡುಕಾಟ ಶುರುವಾಗುವಾಗ ಎಲ್ಲ ಗಾಡಿಗಳನ್ನೂ ಆರಿಸಿ.

ಸಮಯ ಎಷ್ಟಿದೆ ಎಂದರೆ: ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆಯ ಹೊತ್ತಿಗೆ ಅದು ಮೂರರಲ್ಲೊಬ್ಬರಿಗೆ ಇಳಿಯುತ್ತದೆ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ಆದ್ದರಿಂದ ಕ್ರಮ ಬಾಯಿಪಾಠವಾಗಿರಬೇಕು. ಮತ್ತೊಂದು ಕುಸಿತ ಬರುವಂತಿದೆಯೇ ಎಂದು ಮೊದಲು ಮೇಲೆ ನೋಡಿ, ತಲೆ ಎಣಿಸಿ, ಕೊನೆಗೆ ಕಂಡ ಜಾಗ ಗುರುತಿಸಿ. ಒಬ್ಬನು ನಾಯಕ. ಜನ ಸಾಕಷ್ಟಿದ್ದರೆ ಒಬ್ಬನು ಆಗಲೇ ಉಪಗ್ರಹ ಸಾಧನದಲ್ಲಿ ತುರ್ತು ಸಂದೇಶ ಕಳಿಸಲಿ. ಮಿಕ್ಕ ಎಲ್ಲರ ಟ್ರಾನ್ಸೀವರ್ ಹುಡುಕುವ ಸ್ಥಿತಿಗೆ, ಒಬ್ಬನದೂ ಬಿಡದೆ. ಸಂಕೇತ ಸಿಗುವವರೆಗೆ ಓಟ; ಅನೇಕ ಉಪಕರಣಗಳಿಗೆ ಹುಡುಕುತ್ತಾ ಹೋಗುವ ಸಾಲುಗಳ ನಡುವೆ 40 ಮೀಟರ್ ಅಂತರ ನಡೆಯುತ್ತದೆ, ನಿಮ್ಮದರ ಕೈಪಿಡಿ ನೋಡಿಕೊಳ್ಳಿ. ದೂರ ತೋರಿಸುವ ಪರದೆಯ ಅಂಕಿ ಮೂರು ಮೀಟರಿಗೆ ಇಳಿದಾಗ ಉಪಕರಣವನ್ನು ಹಿಮಕ್ಕೆ ತಾಗಿಸಿ ನಿಧಾನವಾಗಿ, ತಿರುಗಿಸದೆ, ಅಡ್ಡ ಉದ್ದ ಸರಿಸಿ ಅತಿ ಚಿಕ್ಕ ಅಂಕಿ ಹುಡುಕಿ. ಅಲ್ಲಿಂದ ಹಿಮದ ಮೇಲ್ಮೈಗೆ ಲಂಬವಾಗಿ ಪ್ರೋಬ್ ಚುಚ್ಚುತ್ತಾ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ ಹೊರಗೆ ಬನ್ನಿ. ತಾಗಿದ ಪ್ರೋಬ್ ಕೀಳಬೇಡಿ. ಹೊಸಬರು ಅದರ ಪಕ್ಕದಲ್ಲೇ ನೇರ ಬಾವಿ ತೋಡುತ್ತಾರೆ, ಆಗ ಹಿಮ ಎತ್ತಿ ಹಾಕಲು ಜಾಗವಿರುವುದಿಲ್ಲ, ಕೆಳಗಿರುವವನ ಮೇಲೆಯೇ ನಿಂತಿರುತ್ತಾರೆ. ಪ್ರೋಬಿನಿಂದ ಇಳಿಜಾರಿನ ಕೆಳಬದಿಗೆ, ಹೂತ ಆಳದ ಒಂದೂವರೆ ಪಟ್ಟು ದೂರ ಸರಿದು ಅಲ್ಲಿಂದ ಒಳಕ್ಕೆ ಅಗೆಯಿರಿ, ಹಿಮ ಎತ್ತಬೇಡಿ, ಹಿಂದಕ್ಕೆ ಸರಿಸಿ. ಮೊದಲು ಮುಖ, ಎದೆ. ಒಂದು ಮೀಟರ್ ಆಳಕ್ಕೇ ಒಂದು ಟನ್‌ಗೂ ಹೆಚ್ಚು ಹಿಮ ಸರಿಸಬೇಕಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಕಡಿದಾದ ಇಳಿಜಾರಿಲ್ಲದ ಸರಳ ಭೂಪ್ರದೇಶಕ್ಕಷ್ಟೇ ಹೋಗುವುದು ಒಂದು. ಇದರಲ್ಲಿ ಅಪಾಯ ಅತಿ ಕಡಿಮೆ, ನಷ್ಟವೆಂದರೆ ದೊಡ್ಡ ಏರುಗಳಿಲ್ಲ. ಎರಡನೆಯದು ಮಟ್ಟ 1, 2ರ ದಿನ, ಪರ್ಸಿಸ್ಟೆಂಟ್ ಸಮಸ್ಯೆ ಇಲ್ಲದಾಗ, ಒಬ್ಬೊಬ್ಬರೇ ದೊಡ್ಡ ಇಳಿಜಾರು ಹತ್ತುವುದು. ಇಲ್ಲಿ ಅಪಾಯ ಉಳಿದೇ ಇರುತ್ತದೆ, ಗುಂಪಿನ ಶಿಸ್ತಿನ ಮೇಲೆ ನಿಂತಿರುತ್ತದೆ. ಅದಕ್ಕೆ ಕಲಿಕೆ ಬೇಕು. ಎರಡು ದಿನದ ಎಎಸ್‌ಟಿ 1 (ಹಿಮಕುಸಿತ ಕೌಶಲದ ಮೊದಲ ಹಂತ) ತರಬೇತಿಯನ್ನು ಸ್ನೋಮೊಬೈಲ್ ಸವಾರರಿಗೆಂದೇ ನಡೆಸುವವರಿದ್ದಾರೆ. ಹಿಮಗುಂಡಿ ತೋಡಿ ಇಳಿಜಾರಿಗೆ ಅಡ್ಡಲಾಗಿ 90 ಸೆಂಟಿಮೀಟರ್, ಮೇಲ್ಮುಖವಾಗಿ 30 ಸೆಂಟಿಮೀಟರ್ ಅಳತೆಯ ಹಿಮದ ಕಂಬವನ್ನು ಒಂದು ತುದಿಯಲ್ಲಿ ಸಲಿಕೆಯಿಟ್ಟು ತಟ್ಟಿ ನೋಡುವ ಪರೀಕ್ಷೆಯನ್ನೂ ಕಲಿಯಬಹುದು. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ತಟ್ಟು. ಬಿರುಕು ಕಂಬದ ಈ ತುದಿಯಿಂದ ಆ ತುದಿಗೆ ಹರಿದರೆ ವಾಪಸಾಗಿ. ಹರಿಯದಿದ್ದರೆ ಆ ಒಂದು ಗುಂಡಿಯ ಬಗ್ಗೆ ಮಾತ್ರ ತಿಳಿದಂತಾಯಿತು. ಮೂರನೆಯದು ಅರ್ಹ ಮಾರ್ಗದರ್ಶಕರ ಹಿಂದೆ ಹೋಗುವುದು. ನಿರ್ಧಾರದ ಗುಣಮಟ್ಟ ಏರುತ್ತದೆ, ಆದರೆ ಅವರು ಹೂತರೆ ಅಗೆಯಬೇಕಾದವರು ನೀವೇ.

ಮುಂದಿನ ವಾರಾಂತ್ಯಕ್ಕೆ ಮೊದಲು ಇಷ್ಟು ಮಾಡಿ: ಒಂದು ಟ್ರಾನ್ಸೀವರನ್ನು ಚೀಲದಲ್ಲಿಟ್ಟು ಪಾರ್ಕಿಂಗ್ ಬಳಿಯ ಹಿಮದಲ್ಲಿ ಹೂತು, ಗುಂಪಿನ ಪ್ರತಿಯೊಬ್ಬರೂ ಹುಡುಕಿ ಅಗೆದು ತೆಗೆಯಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಹಳಬರನ್ನೂ ಬಿಡಬೇಡಿ. ಹೊರಡುವ ಬೆಳಿಗ್ಗೆ ಒಬ್ಬನು ದಾರಿಯಲ್ಲಿ ನಿಂತು, ಒಂದೊಂದೇ ಗಾಡಿ ದಾಟುವಾಗ ಅವರ ಟ್ರಾನ್ಸೀವರ್ ಕಳಿಸುತ್ತಿದೆಯೇ ಎಂದು ಪರೀಕ್ಷಿಸಲಿ. ಬ್ಯಾಟರಿ ಅರ್ಧದ ಹತ್ತಿರ ಬಂದಿದ್ದರೆ ಹೊಸದು ಹಾಕಿ. ಆಲ್ಕಲೈನ್ ಹೊರತು ಬೇರೆ ಬಗೆಯದನ್ನು ತಯಾರಕರು ಒಪ್ಪಿದ್ದರೆ ಮಾತ್ರ ಬಳಸಿ. ರೀಚಾರ್ಜ್ ಆಗುವ ಮಾಮೂಲಿ ಸೆಲ್‌ಗಳನ್ನು ಹಾಕಿದರೆ ಉಳಿದ ಚಾರ್ಜಿನ ಅಂಕಿ ತಪ್ಪು ತೋರಿಸುತ್ತದೆ.